ಸ್ಕೂಲಲ್ಲಿ ನಾಳೆ ಏನೋ ಇದೆಯಂತೆ

ಚಿಕ್ಕ ಮಕ್ಕಳಿರೋ ಮನೇಲಿ ಎರಡು ಕ್ಯಾಲೆಂಡರ್ ಇರುತ್ತೆ. ಒಂದು ಅಡುಗೆಮನೆ ಬಾಗಿಲ ಪಕ್ಕ ಮೊಳೆಗೆ ನೇತಾಕಿರೋದು. ಯುಗಾದಿ ಯಾವತ್ತು, ಗೌರಿಹಬ್ಬ ಯಾವತ್ತು ಅಂತ ಅದ್ರಲ್ಲಿ ವರ್ಷದ ಮುಂಚೇನೇ ಅಚ್ಚಾಗಿರುತ್ತೆ. ಇನ್ನೊಂದು ಸ್ಕೂಲಿನೋರು ಫೋನಿಗೆ ಕಳಿಸೋದು. ಅದು ಹಿಂದಿನ ರಾತ್ರಿ ಊಟಕ್ಕೆ ತಟ್ಟೆ ಹಾಕೋ ಹೊತ್ತಿಗೆ ಬರುತ್ತೆ. ನಾಳೆ ಹಳದಿ ಬಟ್ಟೆ. ನಾಡಿದ್ದು ತರಕಾರಿ ವೇಷ. ಶುಕ್ರವಾರ ಒಲೆ ಹಚ್ಚದೆ ಮಾಡೋ ಅಡುಗೆ. ಸೋಮವಾರ ಸೌರಮಂಡಲದ ಮಾಡೆಲ್ಲು. ನಮ್ಮ ಉಪನಗರದ ಸ್ಟೇಷನರಿ ಅಂಗಡಿಗಳು ರಾತ್ರಿ ಒಂಬತ್ತೂವರೆ ತನಕ ಬಾಗಿಲು ತೆಗ್ದಿರೋದು ಯಾಕೆ ಅಂತ ಅಮ್ಮಂದಿರನ್ನ ಕೇಳಿದ್ರೆ ಗೊತ್ತಾಗುತ್ತೆ. ಥರ್ಮಾಕೋಲು, ಚಾರ್ಟ್ ಪೇಪರು, ಕ್ರೇಪ್ ಪೇಪರು, ಫೆವಿಕಾಲು ಹುಡುಕ್ಕೊಂಡು ಬರೋರು ಆ ಹೊತ್ತಲ್ಲೇ.

‘ನಮ್ಮ ಕಾಲದಲ್ಲಿ ಇವೆಲ್ಲ ಇರ್ಲಿಲ್ಲಪ್ಪ’ ಅನ್ನೋದು ಹಿರಿಯರ ಮಾಮೂಲಿ ಮಾತು. ಆದ್ರೆ ಅದು ನಿಜ ಅಲ್ಲ. ಚಿಕ್ಕ ಮಕ್ಕಳ ಸ್ಕೂಲಲ್ಲಿ ವಿಶೇಷದ ದಿನ ಯಾವ ಕಾಲಕ್ಕೂ ಇದ್ದೇ ಇತ್ತು. ಬದಲಾಗಿದ್ದು ಬೇರೆ: ಆ ದಿನ ಯಾರಿಗೋಸ್ಕರ ನಡೀತಿತ್ತು, ಖರ್ಚು ಯಾರದು, ಯಾವ ಮಗು ಹೊರಗೆ ಉಳೀತಿತ್ತು ಅನ್ನೋದು. ನಮ್ಮನೇಲೇ ನಮ್ಮತ್ತೆ, ನಾನು, ಮೊಮ್ಮಗಳು ಅಂತ ಮೂರು ತಲೆಮಾರಿನ ಪ್ರೈಮರಿ ಸ್ಕೂಲಿನ ನೆನಪಿದೆ. ಅದನ್ನ ಓದಿ ತಿಳ್ಕೊಂಡಿದ್ದರ ಪಕ್ಕ ಇಟ್ಟು ನೋಡ್ತಾ ಹೋದಾಗ ಹೊಳೆದಿದ್ದನ್ನ ಬರೀತಿದ್ದೀನಿ.

ಅಯ್ಯನೋರ ಮಠದ ಮಾನೋಮಿ

ಸರ್ಕಾರಿ ಸ್ಕೂಲು ಬರೋಕೆ ಮುಂಚೆ ನಮ್ಮ ಕಡೆ ಹಳ್ಳಿಗಳಲ್ಲಿ ಇದ್ದಿದ್ದು ಕೂಲಿಮಠ. ಹೆಸರಲ್ಲೇ ಇದೆ ನೋಡಿ, ಕಲ್ಸೋ ಅಯ್ಯನೋರಿಗೆ ಊರೋರು ಕೂಲಿ ಕೊಡ್ತಿದ್ರು, ಹೆಚ್ಚಾಗಿ ದವಸದ ರೂಪದಲ್ಲಿ. ಗುಡಿ ಜಗಲಿಯೋ, ಯಾರದೋ ಮನೆ ಪಡಸಾಲೆಯೋ, ಅದೇ ಕ್ಲಾಸು. ಮಕ್ಕಳು ಮೊದಲು ಮರಳ ಮೇಲೆ ಬೆರಳಲ್ಲಿ ತಿದ್ದೋರು, ಆಮೇಲೆ ಕಡತದ ಮೇಲೆ ಬಳಪದಲ್ಲಿ ಬರೆಯೋರು. ಕಡತ ಅಂದ್ರೆ ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಚಿಟ್ಟ ಕಪ್ಪು ಹಲಗೆ. ಅಮಾವಾಸ್ಯೆ ಹುಣ್ಣಿಮೆಗೆ ರಜ.

ಆ ಮಠದ ದೊಡ್ಡ ಸಮಾರಂಭ ಮಹಾನವಮಿ, ನಮ್ಮ ಬಾಯಲ್ಲಿ ಮಾನೋಮಿ. ಆ ದಿನಗಳಲ್ಲಿ ಮಕ್ಕಳು ಇದ್ದಿದ್ರಲ್ಲೇ ಒಳ್ಳೆ ಬಟ್ಟೆ ಹಾಕ್ಕೊಂಡು, ಬಣ್ಣದ ಕೋಲು ಹಿಡ್ಕೊಂಡು, ಅಯ್ಯನೋರ ಹಿಂದೆ ಸಾಲಾಗಿ ಮನೆಮನೆಗೆ ಹೋಗೋರು. ಬಾಗಿಲ ಮುಂದೆ ನಿಂತು ಚೌಪದ ಹೇಳೋರು, ಕೋಲು ಹಾಕೋರು. ಮನೆಯೋರು ಕೊಟ್ಟ ಕಾಸು, ದವಸ, ಬಟ್ಟೆ ಅಯ್ಯನೋರಿಗೆ. ಪುರಿ, ಕಡ್ಲೆ, ಬೆಲ್ಲ ಮಕ್ಕಳಿಗೆ. ನಮ್ಮತ್ತೆಯ ತಂದೆ ಹೀಗೆ ಪದ ಹೇಳ್ಕೊಂಡು ಊರು ಸುತ್ತಿದೋರು. ವಯಸ್ಸಾದ ಮೇಲೂ ಅವ್ರಿಗೆ ಆ ಪದ ಮರ್ತಿರ್ಲಿಲ್ಲವಂತೆ.

ಇದನ್ನ ಬರೀ ಸಂಭ್ರಮ ಅಂದ್ಕೊಂಡ್ರೆ ಅರ್ಧ ಮಾತ್ರ ಅರ್ಥ ಆದಂಗೆ. ಅಯ್ಯನೋರಿಗೆ ತಿಂಗಳ ಸಂಬಳ ಇರ್ಲಿಲ್ಲ. ಮಾನೋಮಿ ಅವ್ರಿಗೆ ವರ್ಷದ ಬಾಕಿ ವಸೂಲಿಯ ದಿನವೂ ಹೌದು. ಮಕ್ಕಳು ಚೆನ್ನಾಗಿ ಹಾಡಿದ್ರೆ ‘ಪರವಾಗಿಲ್ಲ, ಮಠದಲ್ಲಿ ಏನೋ ಕಲೀತಿದ್ದಾವೆ’ ಅಂತ ಊರಿಗೆ ನಂಬಿಕೆ, ಅಯ್ಯನೋರ ಹೊಟ್ಟೆಗೆ ಹಿಟ್ಟು. ಇನ್ನೊಂದು ವಿಷಯ, ಆ ಸಾಲಲ್ಲಿ ಊರಿನ ಎಲ್ಲಾ ಮಕ್ಕಳು ಇರ್ತಿರ್ಲಿಲ್ಲ. ಹೆಣ್ಣುಮಕ್ಕಳು ಕಮ್ಮಿ. ಕೇರಿ ಆಚೆಯ ಮಕ್ಕಳಿಗೆ ಮಠದ ಜಗಲಿ ಹತ್ತೋಕೇ ಬಿಡ್ತಿರ್ಲಿಲ್ಲ. ಹಳೇದನ್ನ ನೆನಸ್ಕೊಂಡು ಉಸಿರು ಬಿಡೋವಾಗ ಇದನ್ನೂ ನೆನೀಬೇಕು.

ಇನ್‌ಸ್ಪೆಕ್ಟರು ಬರೋ ದಿನ

1868ರಲ್ಲಿ ಮೈಸೂರು ಸೀಮೇಲಿ ಹೋಬಳಿ ಶಾಲೆಗಳ ಯೋಜನೆ ಬಂತು. ಅದರ ಹಿಂದೆ ಇದ್ದೋರು ಬಿ.ಎಲ್. ರೈಸ್, ಶಾಸನಗಳನ್ನ ಹುಡುಕಿ ಅಚ್ಚು ಹಾಕಿಸಿದ್ರಲ್ಲ, ಅವ್ರೇ. ಹೋಬಳಿಗೊಂದು ಶಾಲೆ, ಮೇಷ್ಟ್ರಿಗೆ ಸರ್ಕಾರದ ಸಂಬಳ. ಕೆಂಗೇರಿ ಇವತ್ತಿಗೂ ಕಂದಾಯದ ಕಾಗದದಲ್ಲಿ ಹೋಬಳಿಯೇ. ಆಮೇಲೆ 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡೋ ಕಾನೂನು ಮೈಸೂರಲ್ಲಿ ಬಂತು.

ಮೇಷ್ಟ್ರಿಗೆ ಸಂಬಳ ಬಂದ್ಮೇಲೆ ಸಮಾರಂಭದ ಮುಖ ಊರ ಕಡೆಯಿಂದ ಸರ್ಕಾರದ ಕಡೆ ತಿರುಗ್ತು. ಮಕ್ಕಳು ಯಾರ ಮುಂದೆ ಹಾಡಿ ತೋರಿಸಬೇಕು? ಇನ್‌ಸ್ಪೆಕ್ಟರ ಮುಂದೆ. ಅವ್ರು ಬರೋ ದಿನ ಅಂದ್ರೆ ಹಬ್ಬಾನೇ. ಗೋಡೆಗೆ ಸುಣ್ಣ, ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ರಂಗೋಲಿ. ಹುಷಾರಿ ಹುಡುಗ್ರು ಮುಂದಿನ ಸಾಲಿಗೆ, ತೊದಲೋರು ಹಿಂದಿನ ಸಾಲಿಗೆ. ಈ ಹಿಂದಿನ ಸಾಲಿನ ಕಥೆ ಇವತ್ತಿಗೂ ಮುಗಿದಿಲ್ಲ, ಮುಂದೆ ಹೇಳ್ತೀನಿ.

ಇನ್‌ಸ್ಪೆಕ್ಟರೆಲ್ಲ ಹೆದರ್ಸೋರೇ ಅಂತಲ್ಲ. ದಕ್ಷಿಣ ಕನ್ನಡದಲ್ಲಿ ಶಾಲಾ ಇನ್‌ಸ್ಪೆಕ್ಟರಾಗಿದ್ದ ಪಂಜೆ ಮಂಗೇಶರಾಯರು (1874–1937) ಮಕ್ಕಳು ಕುಣೀತಾ ಹೇಳೋ ಹಾಡು ಬರೆದು ಕ್ಲಾಸಿನ ಒಳಗೇ ತಂದ್ರು. ಜಿ.ಪಿ. ರಾಜರತ್ನಂ ಶಿಶುಗೀತೆಗಳನ್ನ ಬರೆದ್ರು. ಪುತ್ತೂರಲ್ಲಿ ಶಿವರಾಮ ಕಾರಂತರು 1930ರ ದಶಕದಲ್ಲಿ ಬಾಲವನ ಕಟ್ಟಿ ನಾಟಕ, ಕುಣಿತ, ಚಿತ್ರ, ಸುತ್ತಾಟ ಇವೂ ಪಾಠಾನೇ ಅಂತ ಮಾಡಿ ತೋರಿಸಿದ್ರು. ನಮ್ಮ ಬೆಂಗಳೂರಿನ ಚಾಮರಾಜಪೇಟೇಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟ ಶುರು ಮಾಡಿದ್ರು. ಚಿಕ್ಕ ವಯಸ್ಸಲ್ಲೇ ವಿಧವೆಯಾದ ಹೆಣ್ಣುಮಗಳು, ‘ಸರಸ್ವತಿ’ ಅನ್ನೋ ಪತ್ರಿಕೆ ನಡೆಸ್ತಿದ್ದೋರು, ಊರ ಮಕ್ಕಳಿಗೆ ಆಟ, ಹಾಡು, ನಾಟಕಕ್ಕೆ ಜಾಗ ಮಾಡ್ಕೊಟ್ರು. ಇವರೆಲ್ಲರ ಯೋಚನೆ ಒಂದೇ ದಿಕ್ಕಿಂದು: ಮಗು ಹಾಡೋದು ಸಾಹೇಬ್ರು ಮೆಚ್ಚಲಿ ಅಂತಲ್ಲ, ಅದಕ್ಕೆ ಖುಷಿಯಾಗ್ಲಿ ಅಂತ.

ಒಂದೇ ಮನೇಲಿ ಮೂರು ಹಾಡು

ನಮ್ಮತ್ತೆ ಹುಟ್ಟಿದ್ದು 1938ರಲ್ಲಿ. ಅವ್ರು ಸ್ಕೂಲಿಗೆ ಸೇರಿದಾಗ ಮಹಾರಾಜರ ವರ್ಧಂತಿ ದೊಡ್ಡ ಆಚರಣೆ. ಬಸಪ್ಪ ಶಾಸ್ತ್ರಿಗಳು ಬರೆದ ಸಂಸ್ಥಾನದ ಗೀತೆ ಹೇಳಿ, ಸಿಹಿ ಇಸ್ಕೊಂಡು ಮನೆಗೆ ಓಡೋದು. ಅವ್ರು ಇನ್ನೂ ಪ್ರೈಮರೀಲಿ ಇದ್ದಾಗ್ಲೇ 1947 ಬಂತು. ಮೈಸೂರಲ್ಲಿ ಆಗಸ್ಟ್ ಕಳೆದ್ರೂ ಗಲಾಟೆ ನಿಲ್ಲಲಿಲ್ಲ. ಜವಾಬ್ದಾರಿ ಸರ್ಕಾರ ಬೇಕು ಅಂತ ‘ಮೈಸೂರು ಚಲೋ’ ನಡೆದು, ಅಕ್ಟೋಬರಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದ್ಮೇಲೇ ತಣ್ಣಗಾಗಿದ್ದು. 1950ರ ಜನವರಿ 24ಕ್ಕೆ ಜನಗಣಮನ ರಾಷ್ಟ್ರಗೀತೆ ಅಂತಾಯ್ತು. ಅದೇ ಅಂಗಳ, ಅದೇ ಮೇಷ್ಟ್ರು, ಅದೇ ಸಾಲು, ಹಾಡು ಮಾತ್ರ ಬೇರೆ. ‘ನಮಗೇನು ಗೊತ್ತು, ಹೊಸ ಹಾಡು ಬಂತು ಅಂತ ಉರು ಹೊಡುದ್ವಿ’ ಅಂತ ಅತ್ತೆ ನಗ್ತಿದ್ರು.

ನಾನು ಎರಡನೇ ಕ್ಲಾಸಲ್ಲಿದ್ದಾಗ 1973ರ ನವೆಂಬರ್ 1. ಅವತ್ತಿಂದ ಮೈಸೂರು ರಾಜ್ಯ ಕರ್ನಾಟಕ ಆಯ್ತು. ಮಾಗಡಿ ಕಡೆಯ ನಮ್ಮ ಸ್ಕೂಲಲ್ಲಿ ಮೇಡಂ ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ನಕ್ಷೆ ಬರೆದು, ಒಬ್ಬೊಬ್ರನ್ನೇ ಕರ್ದು ಒಂದೊಂದು ಜಿಲ್ಲೆ ಮುಟ್ಟಿಸಿದ್ರು. ನನ್ನ ಪಾಲಿಗೆ ಬಂದಿದ್ದು ಬೀದರ್. ಬೋರ್ಡಿನ ತುದೀಲಿ ಇದ್ದಿದ್ರಿಂದ ಕೈ ಎಟುಕ್ದೆ ಮೇಡಂ ಎತ್ತಿ ಹಿಡ್ಕೊಂಡಿದ್ರು. ಅವತ್ತಿನ ಭಾಷಣ ಒಂದೂ ನೆನಪಿಲ್ಲ, ಬೀದರ್ ಎಲ್ಲಿದೆ ಅಂತ ಯಾವತ್ತೂ ಮರ್ತಿಲ್ಲ.

ಮೊಮ್ಮಗಳಿಗೆ ಬಂದಿದ್ದು ನಾಡಗೀತೆ. ಕುವೆಂಪು ಅವರ ಪದ್ಯ ನಾವೂ ಹಾಡ್ತಿದ್ವಿ, ಆದ್ರೆ ಅಧಿಕೃತ ನಾಡಗೀತೆ ಆಗಿದ್ದು 2004ರ ಜನವರಿ 6ಕ್ಕೆ. ಹಿಂಗೆ ಅಜ್ಜಿಗೊಂದು ಹಾಡು, ಮೊಮ್ಮಗಳಿಗೊಂದು ಹಾಡು. ಈ ಆಚರಣೆಗಳ ಗುರಿ ಮಕ್ಕಳನ್ನ ಒಂದು ನಾಡಿನೋರು, ಒಂದು ದೇಶದೋರು ಅಂತ ಸೇರಿಸೋದು. ಅದ್ರಲ್ಲಿ ಒಂದು ಒಳ್ಳೇದಿತ್ತು. ಆಗಸ್ಟ್ 15ಕ್ಕೆ ಬೇಕಾಗಿದ್ದು ಒಗೆದ ಯೂನಿಫಾರ್ಮು, ಒಂದು ಪಿನ್ನು, ಕಾಗದದ ಬಾವುಟ. ಗೌಡ್ರ ಮಗನಿಗೂ ಅದೇ, ಆಳಿನ ಮಗನಿಗೂ ಅದೇ. ಕೊನೇಲಿ ಸಿಗೋ ಪೆಪ್ಪರ್‌ಮೆಂಟೂ ಎಲ್ರಿಗೂ ಒಂದೇ.

ಸೆಪ್ಟೆಂಬರ್ 5ರ ವಿಷಯ ಒಂದು ಮಾತು. ಶಿಕ್ಷಕರ ದಿನಾಚರಣೆ ಶುರುವಾಗಿದ್ದು 1962ರಲ್ಲಿ, ರಾಧಾಕೃಷ್ಣನ್ ಅವರು ರಾಷ್ಟ್ರಪತಿಗಳಾದ ವರ್ಷ. ಅವ್ರು ಅದಕ್ಕೂ ಎಷ್ಟೋ ಮುಂಚೆ ಮೈಸೂರಿನ ಮಹಾರಾಜ ಕಾಲೇಜಲ್ಲಿ ಮೇಷ್ಟ್ರು. 1921ರಲ್ಲಿ ಕಲ್ಕತ್ತಕ್ಕೆ ಹೊರಟಾಗ ಹುಡುಗ್ರು ಗಾಡಿಗೆ ಹೂ ಕಟ್ಟಿ, ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ ತನಕ ಎಳ್ಕೊಂಡು ಹೋದ್ರು ಅನ್ನೋ ಕಥೆ ಮೈಸೂರಲ್ಲಿ ಯಾರನ್ನ ಕೇಳಿದ್ರೂ ಹೇಳ್ತಾರೆ. ಆ ಗಾಡಿ ಎಳೀರಿ ಅಂತ ಯಾರೂ ಸುತ್ತೋಲೆ ಕಳಿಸಿರ್ಲಿಲ್ಲ.

ಸೊಪ್ಪು ಮಾರಿದ ಲೆಕ್ಕ

1957ರ ಏಪ್ರಿಲ್ 1ಕ್ಕೆ ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾಪೈಸೆ ಬಂತು. ಅದರ ಹಿಂದೇನೇ ಸೇರು, ಪಾವು, ಚಟಾಕು ಹೋಗಿ ಕೆಜಿ, ಲೀಟರ್ ಬಂತು. ಅಂಗಡಿಯೋರು, ಅಮ್ಮಂದಿರು ಎಲ್ರೂ ತಬ್ಬಿಬ್ಬು. ಹೊಸ ಅಳತೆ ಮನೆಗೆ ಹೇಳ್ಕೊಡೋ ಕೆಲಸ ಎಷ್ಟೋ ಕಡೆ ಸ್ಕೂಲಿಗೆ ಹೋಗೋ ಮಕ್ಕಳ ಮೇಲೆ ಬಿತ್ತು. ಈಗ್ಲೂ ಸರ್ಕಾರಿ ಸ್ಕೂಲುಗಳಲ್ಲಿ ನಡೆಯೋ ಮಕ್ಕಳ ಸಂತೆಗೆ ‘ಮೆಟ್ರಿಕ್ ಮೇಳ’ ಅಂತಾನೇ ಹೆಸರು.

ನೋಡಿಲ್ದೋರಿಗೆ ಹೇಳ್ತೀನಿ. ಒಂದು ದಿನ ಸ್ಕೂಲಿನ ಅಂಗಳ ಸಂತೆಮಾಳ ಆಗುತ್ತೆ. ಮಕ್ಕಳು ಮನೆಯಿಂದ ಏನು ತರೋಕಾಗುತ್ತೋ ತರ್ತಾರೆ: ಹಿತ್ತಲ ಕರಿಬೇವು, ದಂಟಿನ ಸೊಪ್ಪು, ನಿಂಬೆಹಣ್ಣು, ಅಮ್ಮ ಮಾಡ್ಕೊಟ್ಟ ಚುರುಮುರಿ, ಮಜ್ಜಿಗೆ, ಕೋಸಂಬರಿ. ಗೋಣಿತಾಟು ಹಾಸಿ, ತಕ್ಕಡಿ ಇಟ್ಟು, ಕೂಗಿ ಕೂಗಿ ಮಾರ್ತಾರೆ. ಕೊಳ್ಳೋರು ಅಪ್ಪ ಅಮ್ಮ, ಮೇಷ್ಟ್ರು, ಬೀದಿಯೋರು. ಕೊನೇಲಿ ಕೂತು ಬಂಡವಾಳ ಎಷ್ಟು, ವ್ಯಾಪಾರ ಎಷ್ಟು, ಲಾಭ ಎಷ್ಟು ಅಂತ ಬರೀಬೇಕು. ಪುಸ್ತಕದ ‘ಲಾಭ-ನಷ್ಟ’ ಪಾಠ ಅರ್ಧ ದಿನದಲ್ಲಿ ಬೆರಳ ತುದಿಗೆ ಬರುತ್ತೆ.

ಇಲ್ಲಿ ಒಂದು ತಮಾಷೆ ನಡೆಯುತ್ತೆ. ಬೇರೆ ಸಮಾರಂಭಗಳಲ್ಲಿ ಮುಂದೆ ಬರೋದು ಇಂಗ್ಲಿಷು ಚೆನ್ನಾಗಿ ಬರೋ ಮಗು, ಬೆಳ್ಳಗಿರೋ ಮಗು. ಇಲ್ಲಿ ಗೆಲ್ಲೋದು ಅಮ್ಮನ ಜೊತೆ ತಳ್ಳುಗಾಡಿ ಪಕ್ಕ ನಿಂತು ಅಭ್ಯಾಸ ಇರೋ ಮಗು. ಅದಕ್ಕೆ ತಕ್ಕಡಿ ಹಿಡಿಯೋದೂ ಗೊತ್ತು, ಕೊಸರು ಹಾಕೋದೂ ಗೊತ್ತು. ಬಡತನದಿಂದ ಕಲ್ತಿದ್ದು ಒಂದು ದಿನವಾದ್ರೂ ಕ್ಲಾಸಲ್ಲಿ ಜಾಣತನ ಅನ್ನಿಸ್ಕೊಳ್ಳುತ್ತೆ.

ಬೆಂಚು ತೆಗೆದ ಕ್ಲಾಸು

ವಿಶೇಷದ ದಿನ ಅಂತ ಬೇರೆ ಯಾಕೆ, ದಿನಾಲೂ ಯಾಕೆ ಹಂಗಿರಬಾರ್ದು? ಈ ಪ್ರಶ್ನೆಗೆ ನಮ್ಮ ರಾಜ್ಯದ ಉತ್ತರ ಬಂದಿದ್ದು ಬೆಂಗಳೂರಿಂದಲ್ಲ, ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಿಂದ. 1995ರಲ್ಲಿ ಅಲ್ಲಿನ ಸರ್ಕಾರಿ ಸ್ಕೂಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡ್ಕೊಂಡು ಬಂದು, ಯುನಿಸೆಫ್ ನೆರವಿನ ಜೊತೆ ‘ನಲಿ-ಕಲಿ’ ಶುರು ಮಾಡಿದ್ರು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂರೋದು. ಪುಸ್ತಕದ ಬದ್ಲು ಚಿತ್ರದ ಕಾರ್ಡುಗಳು. ಗೋಡೇಲಿ ಕಲಿಕೆಯ ಏಣಿ. ಒಂದು ಮೆಟ್ಟಿಲು ಮುಗಿಸಿದ ಮಗು ಇನ್ನೊಂದಕ್ಕೆ ಹೋಗುತ್ತೆ, ಪಕ್ಕದೋನ ಜೊತೆ ಓಡಬೇಕು ಅಂತಿಲ್ಲ. ಗೋಡೆ ಕೆಳಗಡೆ ಮಕ್ಕಳ ಕೈಗೆ ಎಟುಕೋ ಕಪ್ಪುಹಲಗೆ. ತಲೆ ಮೇಲೆ ದಾರ ಕಟ್ಟಿ ಮಾಡಿದ ಚಪ್ಪರ, ಅದ್ರಲ್ಲಿ ಮಕ್ಕಳೇ ಬರೆದ ಚಿತ್ರ, ಕತ್ತರಿಸಿದ ಕಾಗದ ತೂಗುತ್ತೆ. ಎಲ್ರದೂ ತೂಗುತ್ತೆ, ಚೆನ್ನಾಗಿರೋದು ಮಾತ್ರ ಅಲ್ಲ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಚಿಕ್ಕ ಕ್ಲಾಸುಗಳಿಗೆಲ್ಲ ಬಂತು. ಒಬ್ಬರೇ ಮೇಷ್ಟ್ರು ಇರೋ ಕಡೆ, ಕಾರ್ಡು ಹರಿದು ಹೊಸದು ಬರ್ದೇ ಇರೋ ಕಡೆ ಕಷ್ಟಾನೂ ಆಗಿದೆ. ಆದ್ರೂ ಯೋಚನೆ ದೊಡ್ಡದು.

ಅದೇ ಸುಮಾರಿಗೆ, 2000ದ ದಶಕದ ಮೊದಲ ವರ್ಷಗಳಲ್ಲಿ, ‘ಪ್ರತಿಭಾ ಕಾರಂಜಿ’ನೂ ಬಂತು. ಕಂಠಪಾಠ, ಕಥೆ ಹೇಳೋದು, ಛದ್ಮವೇಷ, ಮಣ್ಣಿನ ಗೊಂಬೆ ಮಾಡೋದು, ಇಂಥ ಸ್ಪರ್ಧೆಗಳು ಕ್ಲಸ್ಟರ್‌ನಿಂದ ತಾಲ್ಲೂಕು, ಜಿಲ್ಲೆ, ರಾಜ್ಯ ಮಟ್ಟದ ತನಕ. ಹಳ್ಳಿ ಮಕ್ಕಳಿಗೆ ಮೈಕು ಹಿಡಿಯೋ ಅವಕಾಶ ಸಿಕ್ಕಿದ್ದು ಸಣ್ಣ ಮಾತಲ್ಲ. ಆದ್ರೆ ಸ್ಪರ್ಧೆ ಅಂದ್ಮೇಲೆ ಕ್ಲಾಸಿಂದ ಒಬ್ಬ ಹೋಗ್ತಾನೆ, ಮಿಕ್ಕಿದೋರು ಚಪ್ಪಾಳೆ ತಟ್ತಾರೆ.

ಕೊರೋನಾ ಬಂದು 2020ರ ಮಾರ್ಚಲ್ಲಿ ಸ್ಕೂಲು ಮುಚ್ಚಿದಾಗ ಎರಡೂ ಹೋಯ್ತು. ಆ ವರ್ಷ ಆಗಸ್ಟಲ್ಲಿ ‘ವಿದ್ಯಾಗಮ’ ಅಂತ ಸರ್ಕಾರಿ ಮೇಷ್ಟ್ರುಗಳು ಗುಡಿ ಜಗಲಿ, ಅರಳಿಕಟ್ಟೆ ಮೇಲೆ ಮಕ್ಕಳನ್ನ ಕೂರಿಸ್ಕೊಂಡ್ರು. ಹಳೇ ಕೂಲಿಮಠದ ಜಗಲಿಗೇ ಪಾಠ ವಾಪಸ್ ಬಂದಂಗಾಯ್ತು, ಆದ್ರೆ ಈ ಸಲ ಜಗಲಿ ಎಲ್ರಿಗೂ. ಆಮೇಲೆ ಕಲಿಕಾ ಚೇತರಿಕೆಯ ವರ್ಷದಲ್ಲಿ ಕ್ಲಸ್ಟರ್ ಮಟ್ಟದ ‘ಕಲಿಕಾ ಹಬ್ಬ’ ನಡೀತು. ಅದ್ರಲ್ಲಿ ಹಾಡು-ಆಡು, ಕಾಗದ-ಕತ್ತರಿ, ಮಾಡು-ಆಡು, ಊರು ತಿಳಿಯೋಣ ಅಂತ ಮೂಲೆಗಳು. ಯಾರಿಗೂ ಒಂದನೇ ಬಹುಮಾನ ಇಲ್ಲ, ಕೈಯಲ್ಲಿ ಮಾಡಿದ್ದು ಮನೆಗೆ ತಗೊಂಡು ಹೋಗೋದೇ ಬಹುಮಾನ.

ಬಾಡಿಗೆ ಕಿರೀಟ

ಇನ್ನು ನಮ್ಮ ಉಪನಗರಕ್ಕೆ ಬರೋಣ. ನಾವಿಲ್ಲಿಗೆ ಬಂದಾಗ ಇದು ಬಿಡಿಎ ಸೈಟುಗಳ ಖಾಲಿ ಬಡಾವಣೆ, ಪಕ್ಕದಲ್ಲಿ ಕೆಂಗೇರಿ ಪುರಸಭೆ. 2007ರಲ್ಲಿ ಪುರಸಭೆ ಬಿಬಿಎಂಪಿಗೆ ಸೇರ್ತು, 2021ರ ಆಗಸ್ಟಲ್ಲಿ ಮೆಟ್ರೋ ಬಂತು. ಇದರ ಮಧ್ಯೆ ಖಾಸಗಿ ಸ್ಕೂಲುಗಳು ಬೀದಿಗೊಂದು ಎದ್ವು. ಒಂದರ ಪಕ್ಕ ಒಂದು ಸ್ಕೂಲು ಇದ್ರೆ ಪೋಸ್ಟರು ಬೇಕು, ಫೋಟೋ ಬೇಕು. ಹಂಗಾಗಿ ಸಮಾರಂಭದ ಮುಖ ಮತ್ತೆ ತಿರುಗ್ತು, ಈ ಸಲ ಅಡ್ಮಿಷನ್ ಮಾಡಿಸೋ ಅಪ್ಪ ಅಮ್ಮಂದಿರ ಕಡೆ. ಮಗು ಕೃಷ್ಣ ಆಗಬೇಕು ಅಂದ್ರೆ ನಮ್ಮ ಕಾಲದಲ್ಲಿ ಅಮ್ಮನ ರೇಷ್ಮೆ ಪಂಚೆ, ಒಂದು ನವಿಲುಗರಿ. ಈಗ ಬಾಡಿಗೆ ಅಂಗಡಿಯ ಕಿರೀಟ.

2018ರಲ್ಲಿ ಮೊಮ್ಮಗಳು ಒಂದನೇ ಕ್ಲಾಸು. ಆರ್‌ಟಿಇ ಕಾನೂನಿನ ಪ್ರಕಾರ ಖಾಸಗಿ ಸ್ಕೂಲುಗಳು ನೂರಕ್ಕೆ ಇಪ್ಪತ್ತೈದು ಸೀಟು ಕೈಲಾಗದ ಮನೆಯೋರ ಮಕ್ಕಳಿಗೆ ಬಿಡಬೇಕಿತ್ತು, ಫೀಸು ಸರ್ಕಾರ ಕೊಡೋದು. (2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರ ಸರ್ಕಾರಿ ಸ್ಕೂಲಿದ್ರೆ ಆ ಸೀಟಿಲ್ಲ ಅಂತ ನಿಯಮ ಬದಲಾಯ್ತು.) ಹಂಗೆ ಸೇರಿದ್ದ ಒಬ್ಬ ಹುಡುಗ ಇವಳ ಕ್ಲಾಸಲ್ಲಿದ್ದ. ವಾರ್ಷಿಕೋತ್ಸವದ ಡ್ಯಾನ್ಸಿಗೆ ಬಟ್ಟೆ ದುಡ್ಡು 850 ರೂಪಾಯಿ, ಕೊಟ್ಟೋರ ಹೆಸರು ಮಾತ್ರ ಪಟ್ಟೀಲಿ. ಒಂದು ತಿಂಗಳು ದಿನಾ ಎರಡು ಪೀರಿಯಡ್ಡು ಪ್ರಾಕ್ಟೀಸು. ಆ ಹುಡುಗ ಆ ಹೊತ್ತಲ್ಲಿ ಕ್ಲಾಸಲ್ಲಿ ಒಬ್ಬನೇ ಕೂತು ಕಾಪಿ ಬರೀತಿದ್ದ. ಸಮಾರಂಭದ ದಿನ ಬರಲಿಲ್ಲ. ಜ್ವರ ಅಂತ ಚೀಟಿ ಬಂತಂತೆ. ‘ಅಜ್ಜಿ, ಅವ್ನಿಗೆ ಜ್ವರ ಇರ್ಲಿಲ್ಲ, ಮಧ್ಯಾಹ್ನ ಬೀದೀಲಿ ಆಡ್ತಿದ್ದ’ ಅಂದ್ಲು ಮೊಮ್ಮಗಳು. ಫೀಸು ಮಾಫಿ ಮಾಡಿ ಒಳಗೆ ಕರ್ಕೊಂಡ ಮಗೂನ ಬಟ್ಟೆ ದುಡ್ಡಲ್ಲಿ ಹೊರಗೆ ಕೂರಿಸಿದಂಗಾಯ್ತು. ಇನ್‌ಸ್ಪೆಕ್ಟರ ಕಾಲದ ಹಿಂದಿನ ಸಾಲು ಇದೇ.

ನಮ್ಮ ಸೊಸೆ ಮುಂದಿನ ಪೇರೆಂಟ್ಸ್ ಮೀಟಿಂಗಲ್ಲಿ ಯಾರ ಹೆಸರೂ ಎತ್ತದೆ ಒಂದೇ ಮಾತು ಕೇಳಿದ್ಲು: ‘ಮಿಸ್, ಬಟ್ಟೆ ದುಡ್ಡು ಇಲ್ದೆ ಎಲ್ಲಾ ಮಕ್ಕಳೂ ಸೇರೋ ಒಂದು ದಿನ ಮಾಡೋಕಾಗುತ್ತಾ?’ ಇನ್ನಿಬ್ರು ಅಮ್ಮಂದಿರು ದನಿ ಸೇರಿಸಿದ್ರು. ಮ್ಯಾನೇಜ್‌ಮೆಂಟು ವಾರ್ಷಿಕೋತ್ಸವ ಬಿಡಲಿಲ್ಲ. ಆದ್ರೆ ಆ ಕ್ಲಾಸ್ ಮಿಸ್ ತಮ್ಮ ಕ್ಲಾಸಿಗೆ ಅಂತ ಒಂದು ಶನಿವಾರ ಮನೆ ಆಟದ ದಿನ ಮಾಡಿದ್ರು. ಅಜ್ಜಿ ತಾತಂದಿರು ಬಂದು ಆಟ ಹೇಳ್ಕೊಡ್ಬೇಕು. ನಾನು ಅಳಗುಳಿಮಣೆ ತಗೊಂಡು ಹೋದೆ. ಕುಂಟೆಬಿಲ್ಲೆ ಇತ್ತು, ಕಲ್ಲಾಟ ಇತ್ತು. ಚೌಕಾಬಾರ ಮೂಲೇಲಿ ಹೇಳ್ಕೊಡ್ತಿದ್ದಿದ್ದು ಅಜ್ಜಿ ಅಲ್ಲ, ಆ ಹುಡುಗ. ಸೀಮೆಸುಣ್ಣದಲ್ಲಿ ಐದೈದು ಮನೆ ಬರೆದು, ಒಂದು ಬದಿ ತೇಯ್ದ ಹುಣಸೆಬೀಜ ಉರುಳಿಸಿ, ನಾಲ್ಕಕ್ಕೆ ಚೌಕ, ಎಂಟಕ್ಕೆ ಬಾರ ಅಂತ ಕೂಗ್ತಿದ್ದ. ಮಿಸ್ಸಿಗೇ ಆಟ ಬರ್ತಿರ್ಲಿಲ್ಲ, ಅವ್ರೂ ಪಕ್ಕದಲ್ಲಿ ಕೂತು ಕಲೀತಿದ್ರು. ಖರ್ಚು ಎಷ್ಟು ಅಂತ ಕೇಳಿದ್ರೆ, ನಾಲ್ಕು ಹುಣಸೆಬೀಜ.

ಇಷ್ಟೆಲ್ಲ ನೋಡಿದ್ಮೇಲೆ ನನಗೆ ಸಮಾರಂಭಗಳಲ್ಲಿ ಎರಡೇ ಜಾತಿ ಕಾಣುತ್ತೆ. ಒಂದು, ಮಗೂನ ಇನ್ಯಾರಿಗೋ ತೋರ್ಸೋದು: ಊರಿಗೆ, ಇನ್‌ಸ್ಪೆಕ್ಟರಿಗೆ, ಕ್ಯಾಮೆರಾಗೆ. ಇನ್ನೊಂದು, ಮಕ್ಕಳು ಸೇರಿ ಏನಾದ್ರೂ ಮಾಡೋದು: ಸಂತೆ, ಚಪ್ಪರ, ನಕ್ಷೆ, ಆಟ. ಮೊದಲನೇದು ಪೂರ್ತಿ ಬೇಡ ಅನ್ನಲ್ಲ, ಕೋಲು ಹಿಡಿದು ಹಾಡೋದ್ರಲ್ಲೂ ಸುಖ ಇದೆ. ಆದ್ರೆ ಸ್ಕೂಲಿಂದ ಮೆಸೇಜು ಬಂದಾಗ ಮೂರು ಪ್ರಶ್ನೆ ಕೇಳಿ. ಕ್ಲಾಸಿನ ಪ್ರತಿ ಮಗೂಗೂ ಇದ್ರಲ್ಲಿ ಕೆಲಸ ಇದೆಯಾ? ಮನೇಲಿ ಇರೋದ್ರಲ್ಲೇ ಆಗುತ್ತಾ? ಮಾಡೋದು ಮಗುನಾ, ರಾತ್ರಿ ಹನ್ನೊಂದಕ್ಕೆ ಅಮ್ಮನಾ? ಒಬ್ರೇ ಕೇಳೋಕೆ ಮುಜುಗರ ಅನ್ಸಿದ್ರೆ ಇನ್ನಿಬ್ಬರು ಅಮ್ಮಂದಿರನ್ನ ಜೊತೆಗೆ ಕರ್ಕೊಳ್ಳಿ, ಮೂರು ಜನ ಕೇಳಿದ್ರೆ ಸಾಕು, ಕಿವಿ ಕೊಡ್ತಾರೆ.

ಇನ್ನೊಂದು, ನಿಮ್ಮನೆ ಹತ್ರದ ಸರ್ಕಾರಿ ಸ್ಕೂಲಲ್ಲಿ ಮೆಟ್ರಿಕ್ ಮೇಳ ಇದೆ ಅಂತ ಗೊತ್ತಾದ್ರೆ, ನಿಮ್ಮ ಮಕ್ಕಳು ಅಲ್ಲಿ ಓದ್ದೇ ಇದ್ರೂ ಒಂದು ಕೈಚೀಲ ತಗೊಂಡು ಹೋಗಿ. ಸೊಪ್ಪು ಎಳೇದಾಗಿರುತ್ತೆ. ಫೋನಲ್ಲಿ ದುಡ್ಡು ಕಳಿಸ್ತೀನಿ ಅಂತ ನಿಂತ್ಕೋಬೇಡಿ, ಐವತ್ತರ ನೋಟು ಕೊಟ್ಟು ಹದಿನೇಳು ರೂಪಾಯಿದು ತಗೊಳ್ಳಿ. ಮಿಕ್ಕಿದ್ದು ಎಷ್ಟು ಅಂತ ಆ ಮಗು ಬೆರಳು ಮಡಿಚಿ ಎಣಿಸೋ ತನಕ ಅವಸರ ಮಾಡದೆ ಕಾಯಿರಿ.